84 ವರ್ಷ ಕಪಾಟಿನಲ್ಲಿದ್ದ ಪಿಟೀಲು ಕಾನ್ಸರ್ಟೋ

ಮೂರನೇ ಭಾಗದ ಮೊದಲ ಸಾಲಿನ ಮೇಲೆ ಒಂದು ಅಂಕಿ ಇದೆ. 63. ಅಂದರೆ ನಿಮಿಷಕ್ಕೆ 63 ಪೆಟ್ಟು. ಗೋಡೆ ಗಡಿಯಾರದ ಟಿಕ್ ಟಿಕ್‌ಗಿಂತ ಒಂದು ಚೂರು ಬೇಗ, ಅಷ್ಟೇ. ಜರ್ಮನ್ ಸಂಗೀತ ರಚನಕಾರ ರಾಬರ್ಟ್ ಶೂಮನ್ 1853ರಲ್ಲಿ ಬರೆದ ಡಿ ಮೈನರ್ ಪಿಟೀಲು ಕಾನ್ಸರ್ಟೋದ ಕೊನೆಯ ಭಾಗಕ್ಕೆ ಅವನೇ ಕೊಟ್ಟ ಕಾಲಪ್ರಮಾಣ ಇದು.

ಕಾನ್ಸರ್ಟೋ ಅಂದರೆ ಒಂದು ಕಡೆ ಒಂಟಿ ವಾದ್ಯ, ಇನ್ನೊಂದು ಕಡೆ ಇಡೀ ಆರ್ಕೆಸ್ಟ್ರಾ. ಸಾಮಾನ್ಯವಾಗಿ ಮೂರು ಭಾಗ. ಕೊನೆಯ ಭಾಗ ಓಡಬೇಕು, ನುಡಿಸುವವನು ಬೆವರಬೇಕು, ಸಭೆ ಎದ್ದು ಚಪ್ಪಾಳೆ ಹೊಡೆಯಬೇಕು. ರೂಢಿ ಅದು. 63ರಲ್ಲಿ ಓಡುವುದು ಯಾರಿಂದಲೂ ಆಗದ ಮಾತು. ಅದಕ್ಕೇ ಎಷ್ಟೋ ಜನ ಆ ಅಂಕಿಯನ್ನು ನೋಡಿಯೂ ನೋಡದ ಹಾಗೆ ಬೇಗ ಬೇಗ ನುಡಿಸಿದರು. ಶೂಮನ್‌ನ ಮೆಟ್ರೊನೋಮ್ (ಪೆಟ್ಟು ಎಣಿಸಿಕೊಡುವ ಯಂತ್ರ) ಕೆಟ್ಟಿತ್ತು ಅನ್ನುವ ಹಳೇ ಮಾತೂ ಒಂದಿದೆ. ಕೆಟ್ಟಿದ್ದು ಮೆಟ್ರೊನೋಮ್ ಅಲ್ಲ, ತಲೆ ಅಂದವರೂ ಇದ್ದರು.

ನಾನು ಇದನ್ನು ಮೊದಲ ಸಲ ಕೇಳಿದಾಗ ಮೂರನೇ ಭಾಗದ ಅರ್ಧಕ್ಕೇ ನಿಲ್ಲಿಸಿದ್ದೆ. ಅಷ್ಟು ಚೆನ್ನಾಗಿರುವ ಎರಡನೇ ಭಾಗ ಆದಮೇಲೆ ಇದೇನಿದು, ಸುಮ್ನೆ ಗಿರಕಿ ಹೊಡೀತಾ ಇದೆಯಲ್ಲ ಅನ್ನಿಸಿತ್ತು. ಆಮೇಲೆ ಬೇರೊಂದು ಧ್ವನಿಮುದ್ರಣ ಸಿಕ್ಕಿತು. ಜೊತೆಗೆ ಹಿಂದಿನ ಕಥೆಯೂ ಗೊತ್ತಾಯಿತು. ಕಥೆ ಎಷ್ಟು ರೋಚಕ ಅಂದರೆ, ತೊಂದರೆ ಇರುವುದೇ ಅಲ್ಲಿ. ಈ ಕಾನ್ಸರ್ಟೋವನ್ನು ಬಚ್ಚಿಟ್ಟವರು, ಹುಡುಕಿದವರು, ಮೆರೆಸಿದವರು ಎಲ್ಲರೂ ಸ್ವರಕ್ಕಿಂತ ಜಾಸ್ತಿ ಶೂಮನ್‌ನ ಕಥೆಯನ್ನೇ ಕೇಳಿಸಿಕೊಂಡರು. ನಾನೂ ಸೇರಿ.

ಒಂದು ಪತ್ರ, ಒಂದು ಶರತ್ಕಾಲ

1853ರ ಮೇ ತಿಂಗಳು. ರೈನ್ ನದಿಯ ದಂಡೆಯ ಡ್ಯುಸೆಲ್ಡಾರ್ಫ್ ಊರಿನಲ್ಲಿ ಸಂಗೀತೋತ್ಸವ. ಶೂಮನ್ ಆ ಊರಿನ ಸಂಗೀತ ನಿರ್ದೇಶಕ. ಯೋಸೆಫ್ ಯೋವಾಕಿಮ್ ಅನ್ನುವ ಹುಡುಗ ಬಂದು ಬೀಥೋವನ್‌ನ ಪಿಟೀಲು ಕಾನ್ಸರ್ಟೋ ನುಡಿಸಿದ. ವಯಸ್ಸು ಇನ್ನೂ 22 ತುಂಬಿರಲಿಲ್ಲ. ಯಹೂದಿ ಮನೆತನದ ಹುಡುಗ. 12ನೇ ವಯಸ್ಸಿಗೇ ಲಂಡನ್ನಿನಲ್ಲಿ ಇದೇ ಕಾನ್ಸರ್ಟೋ ನುಡಿಸಿ ಹೆಸರು ಮಾಡಿದ್ದ. ಆಗ ಆರ್ಕೆಸ್ಟ್ರಾ ನಡೆಸಿದವನು ಹೆಸರಾಂತ ಜರ್ಮನ್ ರಚನಕಾರ ಮೆಂಡೆಲ್ಸನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೂನ್ ಮೊದಲ ವಾರ ಯೋವಾಕಿಮ್ ಶೂಮನ್‌ಗೆ ಪತ್ರ ಬರೆದ. ಬೀಥೋವನ್ ಮಾಡಿದ ಹಾಗೆ ನೀವೂ ನಮ್ಮಂಥ ಬಡ ಪಿಟೀಲಿನವರಿಗೆ ಏನಾದರೂ ಬರೆದುಕೊಡಿ ಅನ್ನುವುದು ಅದರ ಸಾರ. ಶೂಮನ್‌ಗೆ ಆಗ 43 ತುಂಬುವುದರಲ್ಲಿತ್ತು. ಪಿಯಾನೋ ಅವನ ಮನೆಯ ವಾದ್ಯ, ಪಿಟೀಲು ಅಲ್ಲ. ಆದರೂ ಪಿಟೀಲಿನ ಗುಂಗು ಆಗಲೇ ಹತ್ತಿತ್ತು. ಬಾಖ್ ಒಂಟಿ ಪಿಟೀಲಿಗೆ ಬರೆದ ಸೊನಾಟಾ, ಪಾರ್ಟಿಟಾಗಳಿಗೆ ಪಿಯಾನೋ ಪಕ್ಕವಾದ್ಯ ಬರೆಯುವ ವಿಚಿತ್ರ ಕೆಲಸವನ್ನು ಅದೇ ಸುಮಾರಿಗೆ ಮುಗಿಸಿದ್ದ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪಿಟೀಲು ಮತ್ತು ಆರ್ಕೆಸ್ಟ್ರಾಗೆ ಒಂದು ಫ್ಯಾಂಟಸಿ ಬರೆದ. ಆ ತಿಂಗಳು ಮುಗಿಯುವ ಮೊದಲೇ ಕಾನ್ಸರ್ಟೋಗೆ ಕೈ ಹಾಕಿದ. ಅಕ್ಟೋಬರ್ 3ಕ್ಕೆ ಆರ್ಕೆಸ್ಟ್ರಾ ಸಮೇತ ಮುಗಿಸಿಬಿಟ್ಟ.

ಅದೇ ದಿನಗಳಲ್ಲಿ ಅವನ ಮನೆ ಬಾಗಿಲಿಗೆ 20 ವರ್ಷದ ಇನ್ನೊಬ್ಬ ಹುಡುಗ ಬಂದು ನಿಂತ. ಮುಂದೆ ದೊಡ್ಡ ರಚನಕಾರನಾದ ಯೋಹಾನೆಸ್ ಬ್ರಾಮ್ಸ್. ಶೂಮನ್‌ಗೆ ಎಷ್ಟು ಹಿಡಿಸಿದ ಅಂದರೆ, ತಿಂಗಳು ಮುಗಿಯುವುದರೊಳಗೆ ಪತ್ರಿಕೆಯಲ್ಲಿ ಅವನ ಬಗ್ಗೆ ಲೇಖನ ಬರೆದು ಲೋಕಕ್ಕೇ ಸಾರಿದ. ಮನೆ ತುಂಬಾ ಸಂಗೀತ, ಸಂಭ್ರಮ. ಮುಂದೆ ಈ ಕಾನ್ಸರ್ಟೋವನ್ನು ಲೋಕದ ಕಣ್ಣಿಂದ ಮರೆಮಾಡಿದವರು ಮೂರು ಜನ: ಶೂಮನ್‌ನ ಹೆಂಡತಿ ಕ್ಲಾರಾ, ಯೋವಾಕಿಮ್, ಬ್ರಾಮ್ಸ್. ಮೂವರೂ ಅವನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದವರು.

ಡ್ಯುಸೆಲ್ಡಾರ್ಫ್‌ನಲ್ಲಿ ಕಾನ್ಸರ್ಟೋಗೆ ಕಛೇರಿ ಸಿಗಲಿಲ್ಲ. ಶೂಮನ್‌ಗೆ ಆರ್ಕೆಸ್ಟ್ರಾ ನಡೆಸುವುದು ಕೈಲಾಗುತ್ತಿಲ್ಲ ಎಂದು ಸಂಗೀತ ಸಮಿತಿಯವರು ಅವನನ್ನು ಪಕ್ಕಕ್ಕೆ ಸರಿಸುತ್ತಿದ್ದರು. 1854ರ ಜನವರಿ ಕೊನೆಗೆ ಹ್ಯಾನೋವರ್‌ನಲ್ಲಿ, ಯೋವಾಕಿಮ್ ಕೆಲಸಕ್ಕಿದ್ದ ಆಸ್ಥಾನ ಆರ್ಕೆಸ್ಟ್ರಾದ ಜೊತೆ, ಒಂದು ಸಲ ನುಡಿಸಿ ನೋಡಿದರು. ತಾಲೀಮು ಅಷ್ಟೇ, ಸಭಿಕರಿಲ್ಲ. ಶೂಮನ್ ಜೀವಂತ ಇರುವಾಗ ಆರ್ಕೆಸ್ಟ್ರಾ ಜೊತೆ ಕೇಳಿದ್ದು ಅದೊಂದೇ ಸಲ.

ದೇವತೆಗಳು ಕೊಟ್ಟ ರಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು.

ಕಾನ್ಸರ್ಟೋದ ಎರಡನೇ ಭಾಗ ಶುರುವಾಗುವುದು ಚೆಲ್ಲೊಗಳಿಂದ, ಅಂದರೆ ಪಿಟೀಲಿನ ಜಾತಿಯ ದಪ್ಪ ದನಿಯ ದೊಡ್ಡ ವಾದ್ಯಗಳಿಂದ. ಆ ಎಳೆ ತಾಳದ ಪೆಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಪೆಟ್ಟು ಬಿದ್ದ ಮೇಲೆ ಅರ್ಧ ಅಕ್ಷರ ಬಿಟ್ಟು ಎತ್ತಿಕೊಂಡ ಹಾಗೆ, ಪ್ರತಿ ಸ್ವರವೂ ಸ್ವಲ್ಪ ತಡವಾಗಿ ಬರುತ್ತದೆ. ನಮ್ಮಲ್ಲಿ ಎಡುಪು ತಪ್ಪದ ಹಾಗೆ ಕೈಯಲ್ಲಿ ತಾಳ ಹಾಕಿಕೊಂಡು ಕೇಳುವ ಅಭ್ಯಾಸ ಇದ್ದವರಿಗೆ ಇದು ತಕ್ಷಣ ಗೊತ್ತಾಗುತ್ತದೆ: ಕೈ ಒಂದು ಕಡೆ, ರಾಗ ಇನ್ನೊಂದು ಕಡೆ. ನೆಲ ಎಲ್ಲಿದೆ ಅಂತಲೇ ಗೊತ್ತಾಗದ ಈ ತೂಗಾಟದ ಮೇಲೆ ಪಿಟೀಲು ಬರುತ್ತದೆ, ಮೆತ್ತಗೆ, ತನ್ನದೇ ಒಂದು ಹಾಡು ಹಿಡಿದು. ಪಿಟೀಲು ನೆಲಕ್ಕೆ ಕಾಲೂರುತ್ತದೆ, ಚೆಲ್ಲೊ ತೂಗುತ್ತಲೇ ಇರುತ್ತದೆ. ಇಲ್ಲಿ ಕಸರತ್ತಿಲ್ಲ, ಬೆರಳಿನ ಚಮತ್ಕಾರವಿಲ್ಲ. ಆರೇಳು ನಿಮಿಷದ ಈ ಭಾಗಕ್ಕಾಗಿಯೇ ನಾನು ಇಡೀ ಕೃತಿಯನ್ನು ಇಟ್ಟುಕೊಳ್ಳುತ್ತೇನೆ.

ಹ್ಯಾನೋವರ್‌ನಿಂದ ಬಂದು ಮೂರು ವಾರ ಆಗಿರಲಿಲ್ಲ. 1854ರ ಫೆಬ್ರುವರಿ 17ರ ರಾತ್ರಿ ಶೂಮನ್ ಹಾಸಿಗೆಯಿಂದ ಎದ್ದು ಒಂದು ರಾಗ ಬರೆದುಕೊಂಡ. ದೇವತೆಗಳು ಹಾಡಿ ಹೇಳಿಕೊಟ್ಟರು ಎಂದ. ಶೂಬರ್ಟ್, ಮೆಂಡೆಲ್ಸನ್ ಅವರ ಆತ್ಮಗಳು ಕಳಿಸಿದ್ದು ಎಂದೂ ಹೇಳಿದ. ಇಬ್ಬರೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಆ ರಾಗವನ್ನು ಇಟ್ಟುಕೊಂಡು ಪಿಯಾನೋಗೆ ವೇರಿಯೇಷನ್, ಅಂದರೆ ಅದನ್ನೇ ಬೇರೆ ಬೇರೆ ಥರ ಮಾರ್ಪಡಿಸುವ ತುಣುಕು, ಬರೆಯತೊಡಗಿದ. ಬೆಳಗಾಗುತ್ತಿದ್ದ ಹಾಗೆ ದೇವತೆಗಳು ಹೋಗಿ ಪಿಶಾಚಿಗಳು ಬಂದವು.

ಆ ರಾಗ ಮತ್ತು ಕಾನ್ಸರ್ಟೋದ ಎರಡನೇ ಭಾಗದಲ್ಲಿ ಪಿಟೀಲು ಹಿಡಿದು ಬರುವ ಹಾಡು, ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಅಣ್ಣ ತಮ್ಮಂದಿರು. ನಾಲ್ಕೂವರೆ ತಿಂಗಳ ಹಿಂದೆ ತಾನೇ ಬರೆದಿದ್ದನ್ನು ಶೂಮನ್ ಗುರುತು ಹಿಡಿಯಲಿಲ್ಲ. ತನ್ನದೇ ರಾಗವನ್ನು ಬೇರೆ ಲೋಕದಿಂದ ಬಂದ ಉಡುಗೊರೆ ಅಂದುಕೊಂಡ.

ಹತ್ತು ದಿನ ಕಳೆದು, ಫೆಬ್ರುವರಿ 27ರಂದು, ಊರೆಲ್ಲ ಕಾರ್ನಿವಲ್ ಹಬ್ಬದಲ್ಲಿ ಕುಣಿಯುತ್ತಿದ್ದಾಗ, ಮನೆಯಿಂದ ಹೊರಟು ರೈನ್ ನದಿಗೆ ಹಾರಿದ. ಮೀನುಗಾರರು ಎತ್ತಿ ಉಳಿಸಿದರು. ಮಾರ್ಚ್ 4ಕ್ಕೆ ಬಾನ್ ಹತ್ತಿರದ ಎಂಡೆನಿಖ್ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ವಾಪಸ್ ಬರಲಿಲ್ಲ. 1856ರ ಜುಲೈ 29ರಂದು ತೀರಿಕೊಂಡ. ಕ್ಲಾರಾ ಗಂಡನ ಮುಖ ನೋಡಿದ್ದು ಎರಡು ವರ್ಷಕ್ಕೂ ಮೇಲೆ, ಸಾಯುವ ಎರಡು ದಿನ ಮುಂಚೆ.

ಯೋವಾಕಿಮ್‌ನ ಎರಡು ಪತ್ರ

ಇಡೀ ಪ್ರಕರಣದ ಗಂಟು ಇರುವುದು ದೆವ್ವದಲ್ಲೂ ಅಲ್ಲ, ಹುಚ್ಚಿನಲ್ಲೂ ಅಲ್ಲ. ಯೋವಾಕಿಮ್ ಬರೆದ ಎರಡು ಪತ್ರಗಳಲ್ಲಿ.

ಮೊದಲನೆಯದು 1854ರ ನವೆಂಬರ್‌ನದು. ಆಸ್ಪತ್ರೆಯಲ್ಲಿದ್ದ ಶೂಮನ್‌ಗೆ ಬರೆದಿದ್ದು. ನಿಮ್ಮ ಕಾನ್ಸರ್ಟೋ ನುಡಿಸಿ ಕೇಳಿಸಬೇಕು ಅಂತ ಆಸೆ, ಈಗ ಕೈಗೆ ಚೆನ್ನಾಗಿ ಕೂತಿದೆ, ಹ್ಯಾನೋವರ್‌ನಲ್ಲಿ ಕಂಡಕ್ಟ್ ಮಾಡಿ ಮಾಡಿ ತೋಳು ಸೋತಿತ್ತು, ಅದಕ್ಕೇ ಹಾಳುಮಾಡಿದೆ ಎನ್ನುತ್ತಾನೆ. ಮೂರು ಪೆಟ್ಟಿನ ತಾಳ ಈಗ ಎಷ್ಟೋ ಗಂಭೀರವಾಗಿ ಕೇಳುತ್ತದೆ ಎನ್ನುತ್ತಾನೆ. ಆಮೇಲೆ ಒಂದು ನೆನಪು: ಕೊನೆಯ ಭಾಗ ಕೇಳಿದರೆ ಕೊಸಿಯುಷ್ಕೊ ಮತ್ತು ಸೊಬಿಯೆಸ್ಕಿ ಜೊತೆಯಾಗಿ ಪೊಲೊನೇಸ್ ಕುಣಿತ ಶುರು ಮಾಡಿದ ಹಾಗಿದೆ ಅಂದಾಗ ನೀವು ಎಷ್ಟು ನಕ್ಕಿರಿ, ಎಷ್ಟು ಖುಷಿಪಟ್ಟಿರಿ, ನೆನಪಿದೆಯಾ?

ಸೊಬಿಯೆಸ್ಕಿ 17ನೇ ಶತಮಾನದಲ್ಲಿ ಪೋಲೆಂಡಿನ ದೊರೆ. ಕೊಸಿಯುಷ್ಕೊ ನೂರು ವರ್ಷ ಆಮೇಲೆ ಅದೇ ನಾಡಿಗಾಗಿ ಹೋರಾಡಿದ ಸೇನಾಪತಿ. ಪೊಲೊನೇಸ್ ಅಂದರೆ ಪೋಲೆಂಡಿನ ದೊಡ್ಡ ಮನೆಗಳಲ್ಲಿ ಔತಣಕೂಟ ಶುರುವಾಗುವಾಗ ಜೋಡಿ ಜೋಡಿಯಾಗಿ ಸಾಲಾಗಿ ನಡೆದು ಬರುವ ಕುಣಿತ. ಕುಣಿತ ಅನ್ನುವುದಕ್ಕಿಂತ ನಡಿಗೆ. ಮೀಸೆ ಹೊತ್ತ ಇಬ್ಬರು ವೀರರು ಎದೆಯುಬ್ಬಿಸಿ ಸಭಾಂಗಣಕ್ಕೆ ಕಾಲಿಡುತ್ತಿದ್ದಾರೆ. ಅವರು ಓಡುತ್ತಾರಾ? ಒಂದೊಂದು ಆವರ್ತಕ್ಕೆ ಹತ್ತಿರ ಹತ್ತಿರ 3 ಸೆಕೆಂಡು ತೆಗೆದುಕೊಂಡು ನಡೆಯುತ್ತಾರೆ. ಲೆಕ್ಕ ಹಾಕಿ ನೋಡಿ. 63.

ಅಂದರೆ ಯೋವಾಕಿಮ್‌ಗೆ ಗೊತ್ತಿತ್ತು. ಆ ಅಂಕಿ ಹುಚ್ಚಲ್ಲ, ಕೆಟ್ಟ ಮೆಟ್ರೊನೋಮಲ್ಲ, ಕೊನೆಯ ಭಾಗದ ಗತ್ತೇ ಅದು ಅನ್ನುವುದು ಇಬ್ಬರಿಗೂ ಗೊತ್ತಿದ್ದು, ಅದರ ಮೇಲೆ ತಮಾಷೆಯನ್ನೂ ಮಾಡಿದ್ದರು.

ಎರಡನೇ ಪತ್ರ 1898ರ ಆಗಸ್ಟ್‌ನದು. ತನ್ನ ಜೀವನಚರಿತ್ರೆ ಬರೆಯುತ್ತಿದ್ದ ಆಂಡ್ರಿಯಾಸ್ ಮೋಸರ್‌ಗೆ ಬರೆದಿದ್ದು. ಯೋವಾಕಿಮ್‌ಗೆ ಆಗ 67 ವರ್ಷ, ಯುರೋಪಿನ ಪಿಟೀಲಿಗೆ ಹಿರಿಯಜ್ಜ. ಈ ಕಾನ್ಸರ್ಟೋವನ್ನು ಯಾಕೆ ಹೊರಗೆ ತರಲಿಲ್ಲ ಅನ್ನುವ ಪ್ರಶ್ನೆಗೆ ನೋವಿನಿಂದಲೇ ಉತ್ತರ ಕೊಡುತ್ತಾನೆ. ಎರಡನೇ ಭಾಗದ ಆರಂಭವನ್ನು ಹೊಗಳುತ್ತಾನೆ. ಆಮೇಲೆ ಅದು ರೋಗಿಯ ಚಿಂತೆಗೆ ಜಾರುತ್ತದೆ ಎನ್ನುತ್ತಾನೆ. ಇಡೀ ಕೃತಿಯಲ್ಲಿ ದಣಿವು ಕಾಣುತ್ತದೆ, ಕೊನೆಯ ಭಾಗ ಹೇಳಿದ್ದನ್ನೇ ಹೇಳುತ್ತದೆ, ಪಿಟೀಲಿನವನಿಗೆ ವಿಪರೀತ ಕಷ್ಟ, ಕಷ್ಟಕ್ಕೆ ತಕ್ಕ ಫಲವಿಲ್ಲ. ಹೀಗೆ ಸಾಗುತ್ತದೆ.

44 ವರ್ಷದಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾಗಿದ್ದು ಶೂಮನ್‌ನ ಅಂತ್ಯ ಹೇಗಾಯಿತು ಅನ್ನುವ ತಿಳುವಳಿಕೆ. ಅದು ಗೊತ್ತಾದ ಮೇಲೆ ಹಳೇ ಗತ್ತು ಕೇಳಿಸದೆ ದಣಿವು ಕೇಳಿಸತೊಡಗಿತು. ಹೀಗೆಂದು ನಾನು ಹೇಳುವುದು ಊಹೆಯೇ. ಆದರೆ ಎರಡು ಪತ್ರ ಪಕ್ಕ ಪಕ್ಕ ಇಟ್ಟರೆ ಬೇರೆ ಏನೂ ತೋಚುವುದಿಲ್ಲ.

ಹಾಗಂತ ಯೋವಾಕಿಮ್ ಹೇಳಿದ್ದೆಲ್ಲ ಸುಳ್ಳಲ್ಲ. ಪಿಟೀಲಿನ ದೃಷ್ಟಿಯಿಂದ ಇದು ನಿಜಕ್ಕೂ ತೊಂದರೆಯ ಕೃತಿ. ಎಷ್ಟೋ ಕಡೆ ಪಿಟೀಲು ಮೇಲಿನ ಸ್ಥಾಯಿಗೆ ಹೋಗಿ ಮಿನುಗುವ ಬದಲು ಮಧ್ಯದ ತಂತಿಗಳಲ್ಲೇ ಓಡಾಡುತ್ತದೆ. ಅಲ್ಲಿ ಆರ್ಕೆಸ್ಟ್ರಾ ಅದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ಒಂಟಿಯಾಗಿ ನಿಂತು ಕೈಚಳಕ ತೋರಿಸುವ ಕಡೆನ್ಜಾ ಇಲ್ಲ. ಬೆರಳಿಗೆ ಒಗ್ಗದ ಓಟಗಳಿವೆ. ಮೊದಲ ಭಾಗ ಡಿ ಮೈನರ್‌ನಲ್ಲಿ ಗುಡುಗಿನ ಹಾಗೆ ಎದ್ದು, ಪಿಟೀಲು ಬಾಖ್ ನೆನಪಾಗುವಂಥ ತುಂಬು ಸ್ವರಗಳಲ್ಲಿ ಒಳಗೆ ಬರುತ್ತದೆ. ಅದು ಸೊಗಸು. ಆದರೆ ಅದೇ ಮಾತು ಎರಡು ಮೂರು ಸಲ ಬಂದಾಗ ನನಗೂ ಗಡಿಯಾರ ನೋಡಬೇಕು ಅನ್ನಿಸಿದ್ದುಂಟು.

ಕ್ಲಾರಾಳನ್ನು ಖಳನಾಯಕಿ ಮಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಏಳು ಮಕ್ಕಳು, ಗಂಡ ಮಾನಸಿಕ ಆಸ್ಪತ್ರೆಯಲ್ಲಿ ಸತ್ತಿದ್ದಾನೆ, ಅವನ ಹೆಸರೇ ಮನೆಯ ಆಸ್ತಿ. ಕೊನೆಯ ಕೃತಿಗಳಲ್ಲಿ ಹುಚ್ಚಿನ ವಾಸನೆ ಇದೆ ಎಂದು ಒಬ್ಬರು ಬರೆದರೆ ಸಾಕು, ಹಿಂದಿನದಕ್ಕೂ ಮಸಿ ಹತ್ತುತ್ತದೆ ಅನ್ನುವ ಭಯ. ಆದರೆ ಆಕೆ ಕಠಿಣಳೂ ಹೌದು. ಅದೇ ಶರತ್ಕಾಲದಲ್ಲಿ ಶೂಮನ್ ಚೆಲ್ಲೊಗೆ ರೊಮಾನ್ಸ್ ಅನ್ನುವ ಐದು ಚಿಕ್ಕ ಕೃತಿ ಬರೆದಿದ್ದ. 1893ರಲ್ಲಿ ಕ್ಲಾರಾ ಅವನ್ನು ಇಲ್ಲವಾಗಿಸಿಬಿಟ್ಟಳು. ಈಗ ಅವು ಯಾರಿಗೂ ಸಿಗುವುದಿಲ್ಲ. ಕಾನ್ಸರ್ಟೋ ಉಳಿಯಿತು, ಯಾಕೆಂದರೆ ಹಸ್ತಪ್ರತಿ ಯೋವಾಕಿಮ್ ಹತ್ತಿರ ಇತ್ತು.

ಮತ್ತೆ ಆತ್ಮಗಳು

ಯೋವಾಕಿಮ್ 1907ರಲ್ಲಿ ತೀರಿಕೊಂಡ. ಮಗ ಹಸ್ತಪ್ರತಿಯನ್ನು ಬರ್ಲಿನ್ನಿನ ಪ್ರಶ್ಯನ್ ಸ್ಟೇಟ್ ಲೈಬ್ರರಿಗೆ ಮಾರಿದ. ಶರತ್ತು ಒಂದೇ: ಶೂಮನ್ ಸತ್ತು ನೂರು ವರ್ಷ ಆಗುವವರೆಗೆ, ಅಂದರೆ 1956ರವರೆಗೆ, ಅಚ್ಚು ಹಾಕಿಸಬಾರದು.

1933ರ ಮಾರ್ಚ್‌ನಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ಇಬ್ಬರು ಅಕ್ಕತಂಗಿಯರು ಗ್ಲಾಸು ಇಟ್ಟು ಆತ್ಮಗಳನ್ನು ಕರೆಯುತ್ತಿದ್ದರು. ಅಕ್ಷರದಿಂದ ಅಕ್ಷರಕ್ಕೆ ಗ್ಲಾಸು ಸರಿಯುತ್ತದಲ್ಲ, ಅದೇ ಆಟ. ಇಬ್ಬರೂ ಹೆಸರಾಂತ ಪಿಟೀಲು ವಾದಕಿಯರು: ಯೆಲ್ಲಿ ದಾರಾನ್ಯಿ ಮತ್ತು ಅಕ್ಕ ಆದಿಲಾ ಫಚೀರಿ. ಫ್ರೆಂಚ್ ರಚನಕಾರ ರವೇಲ್ ತನ್ನ ‘ತ್ಸಿಗಾನ್’ ಅನ್ನುವ ಪಿಟೀಲಿನ ಕೃತಿಯನ್ನು ಬರೆದದ್ದು ಈ ಯೆಲ್ಲಿಗಾಗಿ. ಅವತ್ತು ಬಂದ ಆತ್ಮ ನಾನು ರಾಬರ್ಟ್ ಶೂಮನ್ ಎಂದಿತಂತೆ. ನನ್ನದೊಂದು ಪಿಟೀಲಿನ ಕೃತಿ ಅಚ್ಚಾಗದೆ ಬಿದ್ದಿದೆ, ಹುಡುಕಿ ನುಡಿಸು ಎಂದಿತಂತೆ. ಲಂಡನ್ನಿನಲ್ಲಿ ಸ್ವೀಡನ್ ದೇಶದ ರಾಯಭಾರಿಯಾಗಿದ್ದ ಪಾಲ್ಮ್‌ಶಿಯೆರ್ನಾ ಇಂಥ ವಿಷಯಗಳಲ್ಲಿ ಭಾರೀ ಆಸಕ್ತ. ಅವನೇ ಬರ್ಲಿನ್ನಿಗೆ ಹೋಗಿ ಲೈಬ್ರರಿಯಲ್ಲಿ ಹಸ್ತಪ್ರತಿ ಪತ್ತೆ ಮಾಡಿದ.

ಕೇಳೋಕೆ ಮೈ ಜುಮ್ಮೆನ್ನುತ್ತೆ, ಅಲ್ವಾ? ಆದರೆ ಈ ಅಕ್ಕತಂಗಿಯರು ಯೋವಾಕಿಮ್‌ನ ವಂಶದವರೇ, ಮೊಮ್ಮಗಳ ವರಸೆ. ಮೋಸರ್‌ಗೆ ಬರೆದ ಪತ್ರವಂತೂ ಆಗಲೇ ಅಚ್ಚಾಗಿತ್ತು. ಮನೆಯಲ್ಲಿ ಯಾವತ್ತೋ ಕಿವಿಗೆ ಬಿದ್ದ ಮಾತು ಗ್ಲಾಸನ್ನು ತಳ್ಳಿರಬಹುದು. ಅವರು ಬೇಕೆಂದೇ ಮೋಸ ಮಾಡಿದರು ಅನ್ನುವುದಿಲ್ಲ. ಶೂಮನ್‌ಗೆ ಆಗಿದ್ದೇ ಇವರಿಗೂ ಆಗಿರಬೇಕು. ಒಳಗೆ ಇದ್ದದ್ದನ್ನೇ ಹೊರಗಿನಿಂದ ಬಂತು ಅಂದುಕೊಂಡರು.

1937ರ ಜಗ್ಗಾಟ

ಇನ್ನು ಉಳಿದಿದ್ದು ರಾಜಕೀಯ. ಮೈಂಟ್ಸ್ ಊರಿನ ಶಾಟ್ ಪ್ರಕಾಶನದವರು 1937ರಲ್ಲಿ ಕೃತಿಯ ಪ್ರತಿಯನ್ನು ಯೆಹೂದಿ ಮೆನುಹಿನ್ ಅನ್ನುವ ಅಮೆರಿಕದ ಪಿಟೀಲು ವಾದಕನಿಗೆ ಕಳಿಸಿ ಹೇಗಿದೆ ನೋಡು ಎಂದರು. ಮೆನುಹಿನ್‌ಗೆ 21 ವರ್ಷ. ನೋಡಿ ಮರುಳಾದ. ಬೀಥೋವನ್ ಮತ್ತು ಬ್ರಾಮ್ಸ್ ಕಾನ್ಸರ್ಟೋಗಳ ನಡುವೆ ಕಳೆದುಹೋಗಿದ್ದ ಕೊಂಡಿ ಇದು ಎಂದ. ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಸಲ ನುಡಿಸುವುದೆಂದು ಗೊತ್ತಾಯಿತು. (ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ 1952ರಲ್ಲಿ ಯೋಗ ಕಲಿಯತೊಡಗಿದ್ದು ಇದೇ ಮೆನುಹಿನ್. ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಎಂದು ಕೆತ್ತಿಸಿ ಅವರಿಗೆ ಕೈಗಡಿಯಾರ ಕೊಟ್ಟಿದ್ದ.)

ಆದರೆ ಜರ್ಮನಿಯಲ್ಲಿ ನಾಜಿಗಳ ಕಾಲ. ಅಲ್ಲಿ ಮೆಂಡೆಲ್ಸನ್ ಯಹೂದಿ ಎಂದು ಅವನ ಸಂಗೀತವನ್ನೇ ಹೊರಗಿಟ್ಟಿದ್ದರು. ಲೈಪ್ಸಿಗ್‌ನಲ್ಲಿದ್ದ ಅವನ ಪ್ರತಿಮೆಯನ್ನು 1936ರ ನವೆಂಬರ್‌ನಲ್ಲಿ ಕಿತ್ತು ಹಾಕಿದ್ದರು. ಆದರೆ ಮೆಂಡೆಲ್ಸನ್‌ನ ಪಿಟೀಲು ಕಾನ್ಸರ್ಟೋ ಜನಕ್ಕೆ ಅಚ್ಚುಮೆಚ್ಚು. ಆ ಜಾಗ ತುಂಬಲು ಒಬ್ಬ ‘ಶುದ್ಧ’ ಜರ್ಮನ್ ಬೇಕಿತ್ತು. ಶೂಮನ್ ಸಿಕ್ಕ. ಮೊದಲ ಕಛೇರಿ ಜರ್ಮನಿಯಲ್ಲೇ ಆಗಬೇಕು ಎಂದು ಸರ್ಕಾರ ಪಟ್ಟು ಹಿಡಿಯಿತು. ಶೂಮನ್‌ನ ಕೊನೆಯ ಮಗಳು ಒಯ್ಗೆನಿ, 80 ದಾಟಿದ ಮುದುಕಿ, ಅಮ್ಮನ ಇಷ್ಟಕ್ಕೆ ವಿರುದ್ಧ ಇದು ಎಂದು ಬೇಡಿಕೊಂಡಳು. ಯಾರು ಕೇಳುತ್ತಾರೆ.

1937ರ ನವೆಂಬರ್ 26. ಬರ್ಲಿನ್ನಿನಲ್ಲಿ ನಾಜಿ ಸಂಸ್ಕೃತಿ ಇಲಾಖೆಯ ದೊಡ್ಡ ಸಭೆ, ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಭಾಷಣ, ಅದರ ಜೊತೆಗೆ ಈ ಕಾನ್ಸರ್ಟೋ. ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ನುಡಿಸಿದ್ದು ಜರ್ಮನ್ ಪಿಟೀಲು ವಾದಕ ಗೆಯೋರ್ಗ್ ಕೂಲೆನ್‌ಕಾಂಫ್. ಪಿಟೀಲು ಇನ್ನಷ್ಟು ಮಿನುಗಲಿ ಎಂದು ಅಲ್ಲಲ್ಲಿ ತಿದ್ದಿಸಿಕೊಂಡಿದ್ದ. ತಿದ್ದಿಕೊಟ್ಟವನು ಜರ್ಮನ್ ರಚನಕಾರ ಪಾಲ್ ಹಿಂಡೆಮಿಟ್. ಅವನ ಸಂಗೀತಕ್ಕೂ ಆಗ ನಿಷೇಧ, ಹಾಗಾಗಿ ಹೆಸರು ಹೊರಗೆ ಬರಲಿಲ್ಲ. ನೋಡಿ ತಮಾಷೆ. ಮೆಂಡೆಲ್ಸನ್‌ನನ್ನು ಮರೆಸುವುದಕ್ಕೆ ಆರಿಸಿದ ಕೃತಿ ಹುಟ್ಟಿದ್ದು ಮೆಂಡೆಲ್ಸನ್ ಬೆಳೆಸಿದ ಯಹೂದಿ ಹುಡುಗನ ಕೋರಿಕೆಯಿಂದ. ಅದನ್ನು ತಿದ್ದಿದ್ದು ಅವರೇ ನಿಷೇಧಿಸಿದ ಮನುಷ್ಯ.

ಮೆನುಹಿನ್ ಡಿಸೆಂಬರ್ 6ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಪಿಯಾನೋ ಜೊತೆ ನುಡಿಸಿದ. ಡಿಸೆಂಬರ್ 23ರಂದು ಸೇಂಟ್ ಲೂಯಿಯಲ್ಲಿ ಆರ್ಕೆಸ್ಟ್ರಾ ಜೊತೆ. ತಿದ್ದುಪಡಿ ಯಾವುದೂ ಬೇಡ, ಶೂಮನ್ ಬರೆದಿದ್ದೇ ಸಾಕು ಎಂದ. ಆತ್ಮ ತನಗೇ ಹೇಳಿದ್ದು, ಮೊದಲ ಹಕ್ಕು ತನ್ನದು ಎನ್ನುತ್ತಿದ್ದ ಯೆಲ್ಲಿಗೆ ಲಂಡನ್ನಿನಲ್ಲಿ ನುಡಿಸಲು ಸಿಕ್ಕಿದ್ದು 1938ರ ಫೆಬ್ರುವರಿಯಲ್ಲಿ.

ಕೇಳುವುದು ಹೇಗೆ

ಬೀಥೋವನ್, ಮೆಂಡೆಲ್ಸನ್, ಬ್ರಾಮ್ಸ್ ಕಾನ್ಸರ್ಟೋಗಳ ಪಂಕ್ತಿಯಲ್ಲಿ ಇದಕ್ಕೆ ಇವತ್ತಿಗೂ ಎಲೆ ಹಾಕಿಲ್ಲ. ಆದರೆ ಒಳ್ಳೆಯ ಧ್ವನಿಮುದ್ರಣಗಳು ಬಂದಿವೆ. ಪಿಟೀಲು ವಾದಕ ಗಿಡಾನ್ ಕ್ರೆಮರ್ 1990ರ ದಶಕದಲ್ಲಿ ಆರ್ಕೆಸ್ಟ್ರಾ ನಡೆಸಿದ ಹಾರ್ನೊನ್‌ಕೋರ್ಟ್ ಜೊತೆ ಮಾಡಿದ್ದನ್ನು ಮೊದಲು ಕೇಳಿ. ಕೊನೆಯ ಭಾಗವನ್ನು ಅಲ್ಲಿ ನಿಜವಾಗಲೂ ನಡೆಸಿದ್ದಾರೆ, ಓಡಿಸಿಲ್ಲ. ಇಸಾಬೆಲ್ ಫೌಸ್ಟ್ ಫ್ರೈಬುರ್ಗ್ ಬರೋಕ್ ಆರ್ಕೆಸ್ಟ್ರಾ ಜೊತೆ ಮಾಡಿದ್ದೂ ಇದೆ. ಅಲ್ಲಿ ಆರ್ಕೆಸ್ಟ್ರಾ ಹಗುರ, ಹಾಗಾಗಿ ಮಧ್ಯದ ತಂತಿಗಳ ಮಾತು ಮುಚ್ಚಿಹೋಗುವುದಿಲ್ಲ. ಯೋವಾಕಿಮ್‌ನ ಅರ್ಧ ದೂರು ಅಲ್ಲೇ ಪರಿಹಾರ.

ಎರಡನೇ ಭಾಗದಿಂದ ಶುರು ಮಾಡಿ. ಅದು ಕೊನೆಗೆ ನಿಲ್ಲುವುದಿಲ್ಲ. ನೇರವಾಗಿ ಮೂರನೇ ಭಾಗಕ್ಕೆ ಬಾಗಿಲು ತೆರೆಯುತ್ತದೆ. ಬಾಗಿಲು ತೆರೆದ ಕೂಡಲೇ ತೊಡೆಯ ಮೇಲೆ ತಾಳ ಹಾಕಿ: ಒಂದು, ಎರಡು, ಮೂರು. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಇದ್ದರೆ 63ಕ್ಕೆ ಇಟ್ಟುಕೊಂಡು ಕೋಣೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದು ನೋಡಿ. ನಾನು ಹಾಗೇ ಮಾಡಿದ್ದು. ಮನೆಯವರು ಏನೋ ಆಯಿತು ಇವನಿಗೆ ಅಂದುಕೊಂಡರು. ಮೂರು ನಾಲ್ಕು ಸುತ್ತಿಗೆ ಬೆನ್ನು ತಾನಾಗೇ ನೆಟ್ಟಗಾಗುತ್ತದೆ. ಅಷ್ಟು ನಿಧಾನದಲ್ಲಿ ಪಿಟೀಲಿನ ಸಣ್ಣ ಸಣ್ಣ ಸ್ವರಗಳು ಗಿರಕಿಯಾಗಿ ಕೇಳುವುದಿಲ್ಲ, ಅಂಗಿಯ ಅಂಚಿನ ಜರಿ ಕೆಲಸದ ಹಾಗೆ ಒಂದೊಂದೂ ಕಾಣುತ್ತದೆ. ನಡುವೆ ಒಂದು ಕಡೆ ಎರಡನೇ ಭಾಗದ ಚೆಲ್ಲೊ ಎಳೆ ಮೆಲ್ಲಗೆ ಬಂದು ಸುಳಿದು ಹೋಗುತ್ತದೆ. ಬೇಗ ನುಡಿಸಿದವರ ಧ್ವನಿಮುದ್ರಣದಲ್ಲಿ ಅದು ನನಗೆ ಕೇಳಿಸಿಯೇ ಇರಲಿಲ್ಲ.